ಹಿತ್ತಲಿಗೆ ಬಂದ ಬೇಸಿಗೆಗುಂಬಳ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಕೂಟದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನ ಪೇಟೆಗಳಲ್ಲಿ ‘ಸ್ಕ್ವಾಷ್’ ಎಂದೊಡನೆ ಜನರ ಮನಸ್ಸಿಗೆ ಬರುವುದು ಬಾಟಲಿಯಲ್ಲಿ ತುಂಬಿಟ್ಟ ಹಣ್ಣಿನ ಪಾನಕ. ಇಂದಿನ ಮಾತು ಆ ಪಾನಕದ ಕುರಿತಾದುದಲ್ಲ. ಕುಂಬಳದ ಕುಲಕ್ಕೆ ಸೇರಿದ, ಎಳೆಯದಾಗಿರುವಾಗಲೇ ಕೊಯ್ದು ತಿನ್ನಬೇಕಾದ ತರಕಾರಿಯೊಂದನ್ನು ಇಂಗ್ಲಿಷಿನವರು ‘ಸಮ್ಮರ್ ಸ್ಕ್ವಾಷ್’ ಎನ್ನುತ್ತಾರೆ. ನಗರದ ಹೋಟೆಲುಗಳಲ್ಲಿ ‘ಜುಕಿನಿ’ ಎಂದು ಕರೆಸಿಕೊಳ್ಳುವ ಹಸಿರು ಕೋಲಿನಂಥ ಕಾಯಿ ಇದರದೇ ಒಂದು ಬಗೆ. ಉತ್ತರ ಭಾರತದಲ್ಲಿ ಇದಕ್ಕೆ ‘ಚಪ್ಪನ್ ಕದ್ದು’ ಎಂಬ ಹೆಸರಿದೆ. ಕನ್ನಡದಲ್ಲಿ ಹೆಸರು ಇನ್ನೂ ನೆಲೆನಿಂತಿಲ್ಲವಾದ್ದರಿಂದ ಸದ್ಯಕ್ಕೆ ಬೇಸಿಗೆಗುಂಬಳ ಎಂದಿಟ್ಟುಕೊಳ್ಳಬಹುದು.

ಹೆಸರು ಸ್ವಲ್ಪ ದಾರಿತಪ್ಪಿಸುವಂಥದ್ದು. ಚಳಿದೇಶಗಳಲ್ಲಿ ಬೇಸಿಗೆಯೇ ಬೆಳೆಯ ಕಾಲ. ಅಲ್ಲಿ ಬೇಸಿಗೆಯಲ್ಲಿ ಎಳೆಯದಾಗಿ ತಿನ್ನುವ ಕಾಯಿ ಬೇಸಿಗೆಯದು, ಬಲಿಸಿ ಚಳಿಗಾಲಕ್ಕೆ ಕೂಡಿಡುವ ಕಾಯಿ ಚಳಿಗಾಲದ್ದು. ಈ ಲೆಕ್ಕದಲ್ಲಿ ಮಲೆನಾಡಿನ ಅಟ್ಟದಲ್ಲಿ ಬಾಳೆನಾರಿನಿಂದ ಕಟ್ಟಿ ತೂಗುಹಾಕುವ ಮಗೆಕಾಯಿ, ಮೂಲೆಯಲ್ಲಿ ಉರುಳಿಸಿಟ್ಟ ಸಿಹಿಗುಂಬಳ ಎರಡೂ ಕೂಡಿಡುವ ಗುಂಪಿನವು. ಬೇಸಿಗೆಗುಂಬಳಕ್ಕೆ ಆ ಬಾಳಿಕೆಯಿಲ್ಲ. ಇಂದು ಕೊಯ್ದರೆ ನಾಲ್ಕೈದು ದಿನಗಳಲ್ಲಿ ಬೇಯಿಸಲೇಬೇಕು. ಬಾಡುವ ತರಕಾರಿಯು ದೂರದ ಪೇಟೆಯಿಂದ ಲಾರಿಯಲ್ಲಿ ಬರುವುದಕ್ಕಿಂತ ಅಡುಗೆಮನೆಯ ಬಾಗಿಲಲ್ಲಿ ಬೆಳೆಯುವುದೇ ಸರಿ. ಹಿತ್ತಲಿಗೆ ಇದು ಒಪ್ಪುವುದು ಮುಖ್ಯವಾಗಿ ಈ ಕಾರಣದಿಂದ.

ಇನ್ನೊಂದು ಕಾರಣವೂ ಉಂಟು. ಮಳೆಗಾಲದ ಚಪ್ಪರದ ಹೀರೆ, ಪಡವಲ, ಸೌತೆ ಮುಗಿಯುವುದು ಆಶ್ವಯುಜದ ಆಸುಪಾಸಿನಲ್ಲಿ. ಅನಂತರ ಹಿತ್ತಲು ಬರಿದಾಗುತ್ತದೆ. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಅದರತ್ತ ಕಣ್ಣು ಹಾಯಿಸುವವರೂ ಕಡಿಮೆ. ಸಂತೆಯಿಂದ ಬಯಲುಸೀಮೆಯ ಎಲೆಕೋಸು, ಟೊಮೆಟೊ ತರುವ ರೂಢಿ ಬೆಳೆದುದು ಈ ತೆರಪಿನಲ್ಲೇ. ನೆಟ್ಟ 45ರಿಂದ 60 ದಿನಗಳೊಳಗೆ ಕಾಯಿ ಕೊಡುವ, ಚಪ್ಪರ ಬೇಡದ, ಪೊದೆಯಂತೆ ನಿಂತಲ್ಲೇ ಬೆಳೆಯುವ ಗಿಡವು ಆ ತೆರಪನ್ನು ತುಂಬಬಲ್ಲದು. ಮೂರು ನಾಲ್ಕು ಗಿಡಗಳಿದ್ದರೆ ಸಣ್ಣ ಕುಟುಂಬಕ್ಕೆ ಸಾಕು. ಹತ್ತು ಗಿಡ ನೆಟ್ಟವರು ಕಾಯಿಯನ್ನು ನೆರೆಮನೆಗಳಿಗೆ ಹಂಚುತ್ತ ತಿರುಗಬೇಕಾಗುತ್ತದೆ.

ಈ ಗಿಡದ ತವರು ಅಮೆರಿಕ ಖಂಡ. ಮೆಕ್ಸಿಕೋದ ಓಹಾಕಾ ಪ್ರಾಂತದ ಗಿಲಾ ನಾಕಿಟ್ಸ್ ಎಂಬ ಗುಹೆಯಲ್ಲಿ ದೊರೆತ ಕುಂಬಳದ ಬೀಜಗಳು ಸುಮಾರು 10,000 ವರ್ಷಗಳಷ್ಟು ಹಳೆಯವೆಂದು 1997ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸಿತು. ಅಂದರೆ ಆ ನಾಡಿನಲ್ಲಿ ಮುಸುಕಿನ ಜೋಳಕ್ಕಿಂತಲೂ ಮೊದಲೇ ಜನರ ಕೈಹಿಡಿದ ಬೆಳೆ ಇದು. ಕಾಡುಕುಂಬಳದ ತಿರುಳು ಕಡುಕಹಿ. ಮೊದಮೊದಲು ಜನ ತಿನ್ನುತ್ತಿದ್ದುದು ಬೀಜವನ್ನು ಮಾತ್ರ ಎಂಬುದು ವಿದ್ವಾಂಸರ ಊಹೆ. ಆ ಕಹಿಯ ವಿಷಯ ಮುಂದೆ ಮತ್ತೆ ಬರಲಿದೆ. ಜೋಳದ ದಂಟಿಗೆ ಅವರೆಯ ಜಾತಿಯ ಬಳ್ಳಿ ಹಬ್ಬಿಸಿ, ಬುಡದಲ್ಲಿ ಕುಂಬಳ ಹರಡಿಸಿ, ಮೂರನ್ನೂ ಒಂದೇ ಮಡಿಯಲ್ಲಿ ಬೆಳೆಯುವ ಪದ್ಧತಿಯನ್ನು ಅಲ್ಲಿನ ಮೂಲನಿವಾಸಿಗಳು ರೂಪಿಸಿದರು. ಕುಂಬಳದ ಅಗಲ ಎಲೆ ನೆಲದ ತೇವವನ್ನು ಕಾಯುತ್ತದೆ, ಕಳೆಯನ್ನು ಅಡಗಿಸುತ್ತದೆ. ‘ಸ್ಕ್ವಾಷ್’ ಎಂಬ ಪದವೂ ಅಲ್ಲಿನ ನರಗಾನ್ಸೆಟ್ ಜನರ ನುಡಿಯಿಂದ ಬಂದುದು. ಹಸಿಯಾಗಿಯೇ ತಿನ್ನುವಂಥದ್ದು ಎಂಬುದು ಅದರ ಅರ್ಥ. ಜುಕಿನಿ ರೂಪುಗೊಂಡದ್ದು ಬಹಳ ಈಚೆಗೆ, ಇಟಲಿಯಲ್ಲಿ.

ಪರದೇಶದ ಗಿಡ ಮಲೆನಾಡಿಗೆ ಏಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಆದರೆ ಹವ್ಯಕರ ಮನೆಗಳಲ್ಲಿ ‘ಚೀನಿಕಾಯಿ’ ಎಂದು ಕರೆಯುವ ಸಿಹಿಗುಂಬಳವೂ ಅದೇ ಅಮೆರಿಕದ್ದು. ಮೆಣಸಿನಕಾಯಿ, ಗೇರು, ಅನಾನಸು, ಪಪ್ಪಾಯಿಗಳಂತೆ ಅದೂ ಪೋರ್ಚುಗೀಸರ ಕಾಲದ ಅನಂತರ ಈ ನೆಲಕ್ಕೆ ಬಂದುದು. ಹೊರಗಿನದೆಂಬ ನೆನಪು ‘ಚೀನಿ’ ಎಂಬ ಹೆಸರಿನಲ್ಲೇ ಉಳಿದಂತಿದೆ. ಬೂದುಗುಂಬಳವಾದರೋ ಏಷ್ಯಾದ್ದೇ. ಆದ್ದರಿಂದ ಕೇಳಬೇಕಾದದ್ದು ಗಿಡದ ಊರನ್ನಲ್ಲ. ಬೀಜ ಯಾರ ಕೈಯಲ್ಲಿದೆ, ಅದು ಬಂದಾಗ ಮನೆಯ ಹಳೆಯ ಬೀಜಗಳ ಗತಿ ಏನಾಗುತ್ತದೆ ಎಂಬುದನ್ನು ಕೇಳಬೇಕು.

ಇನ್ನು ಕೃಷಿಯ ವಿಷಯ. ಮಳೆಗಾಲದಲ್ಲಿ ಇದನ್ನು ನೆಡಬಾರದು. ಆಗುಂಬೆಯಂತಹ ಕಡೆ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಅದರ ಕಾಲುಭಾಗ ಬಿದ್ದರೂ ಈ ಗಿಡದ ಟೊಳ್ಳು ತೊಟ್ಟು ಕೊಳೆಯುತ್ತದೆ, ಹೂವಿನೊಳಗೆ ನೀರು ನಿಂತು ಮಿಡಿ ಕರಗುತ್ತದೆ. ಮಳೆ ಹಿಂದೆಗೆದು ಬಿಸಿಲು ಕಾಣುವ ದೀಪಾವಳಿಯ ಹೊತ್ತು ಬಿತ್ತನೆಗೆ ಪ್ರಶಸ್ತ. ನೀರಿನ ಅನುಕೂಲವಿರುವವರು ಜನವರಿಯ ಕೊನೆಗೆ ಇನ್ನೊಮ್ಮೆ ಹಾಕಬಹುದು. ದಿನಕ್ಕೆ ಆರು ತಾಸಾದರೂ ಬಿಸಿಲು ಬೀಳುವ ಜಾಗ ಬೇಕು. ಅಡಿಕೆ ತೋಟದ ನೆರಳಿನಲ್ಲಿ ಎಲೆ ಮಾತ್ರ ಬೆಳೆಯುತ್ತದೆ.

ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಮಳೆಗೆ ತೊಳೆದು ಹುಳಿಯಾಗಿರುವಂಥದ್ದು. ಕುಂಬಳದ ಜಾತಿಗೆ ಅಷ್ಟು ಹುಳಿ ಹಿಡಿಸದು. ಒಂದೂವರೆ ಅಡಿ ಅಗಲ, ಒಂದಡಿ ಆಳದ ಗುಂಡಿ ತೋಡಿ ಅದರಲ್ಲಿ ಸುಡುಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಲೆಯ ಬೂದಿಯ ಎರಡು ಮುಷ್ಟಿ ಬೆರೆಸಿದರೆ ಮಣ್ಣಿನ ಹುಳಿ ತಗ್ಗುತ್ತದೆ, ಪೊಟ್ಯಾಷ್ ಸಹ ದೊರೆಯುತ್ತದೆ. ಗುಂಡಿಯಿಂದ ಗುಂಡಿಗೆ ಮೂರಡಿ ಅಂತರವಿರಲಿ. ಬುಡಕ್ಕೆ ಹೊದಿಸಲು ತರಗೆಲೆ ಬೇಕಾಗುತ್ತದೆ. ಇಲ್ಲಿ ಒಂದು ಮಾತನ್ನು ಸೇರಿಸಲೇಬೇಕು: ನಾಲ್ಕು ಗಿಡಕ್ಕಾಗಿ ಸೊಪ್ಪಿನ ಬೆಟ್ಟದ ನೆಲ ಕೆರೆಯುವುದು ಬೇಡ. ಕಾಡಿನ ನೆಲದಿಂದ ತರಗೆಲೆಯನ್ನು ವರ್ಷವರ್ಷವೂ ಗುಡಿಸಿ ತಂದಲ್ಲಿ ಸಸಿ ಏಳುವುದಿಲ್ಲ, ಮಳೆನೀರು ಇಂಗುವುದಿಲ್ಲ. ಅಂಗಳದ ಹಲಸು ಮಾವುಗಳ ಉದುರೆಲೆ, ಒಣಗಿದ ಅಡಿಕೆ ಸೋಗೆ ಇವೇ ಸಾಕು.

ಬೀಜವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಗುಂಡಿಗೆ ಎರಡು ಮೂರರಂತೆ, ಒಂದಂಗುಲ ಆಳದಲ್ಲಿ ಊರಬೇಕು. ವಾರದೊಳಗೆ ಮೊಳಕೆ ಕಾಣುತ್ತದೆ. ನಾಲ್ಕೆಲೆಯಾದಾಗ ಗಟ್ಟಿಯಾದ ಒಂದನ್ನುಳಿಸಿ ಉಳಿದವನ್ನು ಚಿವುಟಬೇಕು. ಬುಡಕ್ಕೆ ಮಾತ್ರ ನೀರು ಹೊಯ್ಯಬೇಕು. ಬಚ್ಚಲ ನೀರನ್ನು ತಿರುಗಿಸುವವರು ಸಾಬೂನಿನ ನೀರನ್ನು ದಿನವೂ ಬಿಡದೆ ಒಳ್ಳೆಯ ನೀರಿನೊಂದಿಗೆ ಸರದಿ ಮಾಡುವುದು ಲೇಸು.

ಮೊಳಕೆಯ ಮೊದಲ ಶತ್ರು ಕೆಂಪು ಜೀರುಂಡೆ. ಎಳೆಯ ಎಲೆಯನ್ನು ಜರಡಿ ಮಾಡಿಬಿಡುತ್ತದೆ. ಬೆಳಗಿನ ಇಬ್ಬನಿಯಲ್ಲಿ ಅದು ಜಡವಾಗಿರುವಾಗ ಕೈಯಿಂದ ಹಿಡಿಯುವುದು, ಎಲೆಗೆ ತೆಳುವಾಗಿ ಬೂದಿ ಉದುರಿಸುವುದು ಅಜ್ಜಿಯರ ಕಾಲದ ಉಪಾಯ. ಅದು ಇಂದಿಗೂ ಸಾಕಾಗುತ್ತದೆ. ಇಬ್ಬನಿ ಮತ್ತು ಒಣಹವೆಗಳು ಕೂಡುವ ಡಿಸೆಂಬರಿನಲ್ಲಿ ಎಲೆಯ ಮೇಲೆ ಹಿಟ್ಟು ಚೆಲ್ಲಿದಂತೆ ಬೂದಿರೋಗ ಕಾಣಿಸಿಕೊಳ್ಳುತ್ತದೆ. ಬ್ರೆಜಿಲ್ ದೇಶದ ವಿಜ್ಞಾನಿ ವಾಗ್ನರ್ ಬೆಟ್ಟಿಯೋಲ್ ಅವರು 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜುಕಿನಿ ಗಿಡಗಳಿಗೇ ಹಸುವಿನ ಹಾಲನ್ನು ನೀರಿನಲ್ಲಿ ಬೆರೆಸಿ ಸಿಂಪಡಿಸಿ, ಈ ರೋಗ ಹತೋಟಿಗೆ ಬರುವುದನ್ನು ತೋರಿಸಿದರು. ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು, ವಾರಕ್ಕೊಮ್ಮೆ, ರೋಗದ ಮೊದಲ ಚುಕ್ಕೆ ಕಂಡೊಡನೆ. ಕೊಟ್ಟಿಗೆಯಲ್ಲಿ ಹಸುವಿರುವ ಮನೆಗೆ ಇದೊಂದು ಹೊರೆಯಲ್ಲ. ಆದರೆ ಕೆಲವು ತಳಿಗಳ ಎಲೆಯಲ್ಲಿ ನರಗಳ ಸಂದಿಗೆ ಬೆಳ್ಳಿಬಣ್ಣದ ಮಚ್ಚೆಗಳು ಹುಟ್ಟಿನಿಂದಲೇ ಇರುತ್ತವೆ. ಒರೆಸಿದರೆ ಬೂದಿರೋಗ ಬೆರಳಿಗೆ ಹತ್ತುತ್ತದೆ, ಮಚ್ಚೆ ಹತ್ತುವುದಿಲ್ಲ. ಇದನ್ನರಿಯದೆ ಮಚ್ಚೆಗೆ ಔಷಧಿ ಹೊಡೆದವರುಂಟು.

ಹೂವಿನ ವಿಷಯಕ್ಕೆ ಬಂದರೆ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಗಿಡವೊಂದೇ ಆದರೂ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಗಂಡು ಹೂವಿನದು ಸಪೂರ ತೊಟ್ಟು. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಮಿಡಿಯೊಂದು ಅರಳುವ ಮೊದಲೇ ಕಾಣುತ್ತದೆ. ಸಾಮಾನ್ಯವಾಗಿ ಮೊದಲ ವಾರ ಬರೀ ಗಂಡು ಹೂಗಳೇ ಬರುತ್ತವೆ. ‘ಹೂವಾಗಿ ಉದುರುತ್ತದೆ, ಕಾಯಿ ಕಚ್ಚುವುದಿಲ್ಲ’ ಎಂದು ಆಗಲೇ ಗಿಡ ಕಿತ್ತವರು ದುಡುಕಿದಂತಾಯಿತು. ಹೂವು ಅರಳುವುದು ಬೆಳಕು ಹರಿಯುವಾಗ; ಬಿಸಿಲೇರಿ ಮಧ್ಯಾಹ್ನವಾಗುವುದರೊಳಗೆ ಮುದುಡುತ್ತದೆ, ಮರುದಿನ ಮತ್ತೆ ತೆರೆಯುವುದಿಲ್ಲ. ಪರಾಗದ ಕಣಗಳು ದೊಡ್ಡವು, ಜಿಗುಟಾದವು. ಗಾಳಿ ಅವನ್ನು ಒಯ್ಯಲಾರದು. ಆ ಕೆಲವೇ ತಾಸುಗಳಲ್ಲಿ ಜೇನುನೊಣ ಒಮ್ಮೆಯಲ್ಲ, ಹಲವು ಬಾರಿ ಗಂಡಿನಿಂದ ಹೆಣ್ಣಿಗೆ ಹೋಗಿಬರಬೇಕು. ಸಾಕಷ್ಟು ಪರಾಗ ಬೀಳದಿದ್ದರೆ ಮಿಡಿಯ ತುದಿ ಹಳದಿಯಾಗಿ, ಸೊರಗಿ, ಕೊಳೆತು ಬೀಳುತ್ತದೆ. ಬಹಳ ಜನ ಇದನ್ನು ರೋಗವೆಂದು ತಿಳಿದು ವಿಷದ ಡಬ್ಬಿ ತೆರೆಯುತ್ತಾರೆ. ಬಾರದ ಜೇನಿನಿಂದಾದ ಕೊರತೆಗೆ, ಬರಬಹುದಾದ ಜೇನನ್ನೂ ಕೊಲ್ಲುವ ಮದ್ದು! ಇದಕ್ಕಿಂತ ತಿಳಿಗೇಡಿತನ ಹಿತ್ತಲಿನಲ್ಲಿ ಇನ್ನೊಂದಿರಲಾರದು.

ತವರಿನಲ್ಲಿ ಕುಂಬಳದ ಹೂವನ್ನೇ ನೆಚ್ಚಿ ಬಾಳುವ, ನೆಲದೊಳಗೆ ಗೂಡು ಮಾಡುವ ಒಂಟಿ ದುಂಬಿಗಳಿವೆ. ಇಲ್ಲಿ ಅವು ಇಲ್ಲ. ಇಲ್ಲಿ ಆ ಕೆಲಸ ಮಾಡಬೇಕಾದವು ತುಡುವೆ, ಹೆಜ್ಜೇನು, ಕೋಲುಜೇನು, ಗೋಡೆಯ ಬಿರುಕಿನ ಮುಜಂಟಿ. ತುಡುವೆಯ ಕತೆ ಹಿರಿಯರಿಗೆ ಗೊತ್ತು. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದಲ್ಲಿ ಹಬ್ಬಿ, ತುಡುವೆ ಕುಟುಂಬಗಳ ಬಹುಪಾಲು ಸತ್ತುಹೋಯಿತು. ಜೇನುಪೆಟ್ಟಿಗೆಗಳು ಜಗಲಿಯಲ್ಲಿ ಖಾಲಿ ಬಿದ್ದವು. ಬದುಕುಳಿದ ಕುಟುಂಬಗಳಿಂದ ಜೇನು ಮರಳಿ ಹಬ್ಬಿತಾದರೂ ರೋಗ ಆಗಾಗ ತಲೆಯೆತ್ತುತ್ತಲೇ ಇದೆ. ಅದರ ಮೇಲೆ ವಿಷ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕಾಸರಗೋಡು, ದಕ್ಷಿಣ ಕನ್ನಡಗಳಲ್ಲಿ ಮನುಷ್ಯರ ಮಕ್ಕಳಿಗೆ ಏನು ಮಾಡಿತೆಂಬುದನ್ನು ನಾಡೇ ಕಂಡಿದೆ. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಡೆಯಿತು. ಈಗಿನ ವಿಷಗಳು ಅಷ್ಟು ಎದ್ದು ಕಾಣುವಂಥವಲ್ಲ. ನಿಯೋನಿಕೋಟಿನಾಯ್ಡ್ ಗುಂಪಿನ ಕೀಟನಾಶಕಗಳನ್ನು ಬೀಜಕ್ಕೇ ಲೇಪಿಸುವುದುಂಟು. ಬೇರಿನಿಂದ ಏರಿ ಅವು ಹೂವಿನ ಮಕರಂದಕ್ಕೂ ಪರಾಗಕ್ಕೂ ಇಳಿಯುತ್ತವೆ. ಯುರೋಪಿನ ಒಕ್ಕೂಟವು 2018ರಲ್ಲಿ ಇವುಗಳ ಪೈಕಿ ಮೂರನ್ನು ಬಯಲು ಬೆಳೆಗಳಲ್ಲಿ ಬಳಸದಂತೆ ನಿಷೇಧಿಸಿತು. ಅಂಗಡಿಯಿಂದ ತಂದ ಬೀಜ ಕಡುಗೆಂಪು, ನೀಲಿ ಬಣ್ಣ ಹೊತ್ತಿದ್ದರೆ ಅದಕ್ಕೆ ಮದ್ದು ಲೇಪಿಸಿದೆ ಎಂದೇ ತಿಳಿಯಬೇಕು. ಪೊಟ್ಟಣದ ಮೇಲೆ ಯಾವ ಮದ್ದು ಎಂದು ಓದಿ ನೋಡುವ ಕೆಲಸವನ್ನು ಮನೆಯ ಶಾಲೆಯ ಮಕ್ಕಳಿಗೆ ವಹಿಸಬಹುದು.

ಜೇನು ಬಾರದ ದಿನಗಳಲ್ಲಿ ಕೈಯಿಂದ ಪರಾಗಸ್ಪರ್ಶ ಮಾಡಬಹುದು. ಬೆಳಗ್ಗೆ ಒಂಬತ್ತರೊಳಗೆ, ಆಗತಾನೇ ಅರಳಿದ ಗಂಡು ಹೂವನ್ನು ಕಿತ್ತು, ಎಸಳು ಸುಲಿದು, ನಡುವಿನ ಹಳದಿ ದಂಡನ್ನು ಹೆಣ್ಣು ಹೂವಿನ ಶಲಾಕೆಗೆ ಮೃದುವಾಗಿ ತಾಗಿಸಬೇಕು. ಒಂದು ಗಂಡು ಹೂವು ಎರಡು ಮೂರು ಹೆಣ್ಣಿಗೆ ಸಾಲುತ್ತದೆ. ಶಾಲೆಯ ಕೈತೋಟದಲ್ಲಿ ಇದನ್ನೊಮ್ಮೆ ಮಾಡಿದ ಮಗು ಜೀವಶಾಸ್ತ್ರದ ಆ ಪಾಠವನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಉಳಿದ ಗಂಡು ಹೂಗಳು ಬಜ್ಜಿಗೆ, ಪಲ್ಯಕ್ಕೆ ಸಲ್ಲುತ್ತವೆ. ಸಿಹಿಗುಂಬಳದ ಹೂವನ್ನು ತಿಂದು ಗೊತ್ತಿದ್ದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಕಾಯಿಯ ಶತ್ರು ಹಣ್ಣುನೊಣ. ಎಳೆಯ ಸಿಪ್ಪೆಯನ್ನು ಚುಚ್ಚಿ ಮೊಟ್ಟೆಯಿಡುತ್ತದೆ, ಒಳಗೆ ಹುಳು ಬೆಳೆದು ಕಾಯಿ ಕೊಳೆಯುತ್ತದೆ. ತುಳಸಿ ಎಲೆಯನ್ನು ಅರೆದು ಬಾಟಲಿಯಲ್ಲಿಟ್ಟು ನೊಣ ಹಿಡಿಯುವ ಉಪಾಯ ಊರೂರಿನಲ್ಲಿ ಪ್ರಚಾರದಲ್ಲಿದೆ. ಅದು ಮಾವಿನ ನೊಣಕ್ಕೆ ಸರಿ. ತುಳಸಿಯಲ್ಲಿರುವ ಮೀಥೈಲ್ ಯುಜಿನಾಲ್ ಆ ಜಾತಿಯನ್ನು ಸೆಳೆಯುತ್ತದೆ. ಸೌತೆ, ಕುಂಬಳ, ಹಾಗಲಗಳ ನೊಣ ಬೇರೆ ಜಾತಿಯದು, ತುಳಸಿಗೆ ಅದು ಓಗೊಡುವುದಿಲ್ಲ. ಅದಕ್ಕೆ ‘ಕ್ಯೂಲ್ಯೂರ್’ ಎಂಬ ಮದ್ದಿನ ಬಲೆಯೇ ಬೇಕು. ಬಲೆ ದೊರೆಯದವರು ಮಿಡಿ ಕಚ್ಚಿದೊಡನೆ ಕಾಗದದ ಚೀಲ ತೊಡಿಸಿದರೂ ಆಯಿತು, ಒಂದು ವಾರವಷ್ಟೇ ಕಾಯಬೇಕಾದದ್ದು. ಕೊಳೆತ ಕಾಯಿಯನ್ನು ಗೊಬ್ಬರದ ಗುಂಡಿಗೆ ಎಸೆಯುವ ಅಭ್ಯಾಸ ಮಾತ್ರ ನಿಲ್ಲಬೇಕು. ಹುಳು ಅಲ್ಲೇ ಮಣ್ಣು ಸೇರಿ ನೊಣವಾಗಿ ಹೊರಬರುತ್ತದೆ. ಎರಡಡಿ ಆಳದಲ್ಲಿ ಹೂಳಬೇಕು.

ಮಂಗಗಳ ವಿಷಯದಲ್ಲಿ ಹೇಳಿಕೊಳ್ಳುವಂಥ ಉಪಾಯವಿಲ್ಲ. ಮಲೆನಾಡಿನ ಎಷ್ಟೋ ಹಿತ್ತಲುಗಳು ಪಾಳುಬಿದ್ದುದು ಅವುಗಳಿಂದಲೇ ಎಂಬುದನ್ನು ಪರಿಸರದ ಮಾತನಾಡುವವರು ಮುಚ್ಚಿಡಬಾರದು. ಗಿಡ ಪೊದೆಯಾಗಿರುವುದರಿಂದ ಅಡುಗೆಮನೆಯ ಕಿಟಕಿಗೆ ಕಾಣುವಲ್ಲಿ ನೆಡಲು ಬರುತ್ತದೆ, ಕಾಯಿಯನ್ನು ಎಳೆಯದರಲ್ಲೇ ಕೊಯ್ಯುವುದರಿಂದ ಕಾಯುವ ದಿನಗಳು ಕಡಿಮೆ. ಅಷ್ಟೇ ಸಮಾಧಾನ.

ಹೂವು ಅರಳಿದ ನಾಲ್ಕರಿಂದ ಏಳು ದಿನಗಳಲ್ಲಿ, ಒಂದು ಗೇಣಿಗೆ ಮೀರದಂತೆ, ಉಗುರು ಸುಲಭವಾಗಿ ಇಳಿಯುವಾಗ ಕಾಯಿ ಕೊಯ್ಯಬೇಕು. ಕೈಯಿಂದ ತಿರುಚದೆ ಚೂರಿಯಿಂದ ತೊಟ್ಟು ಸಹಿತ ಕತ್ತರಿಸಬೇಕು. ದಿನಬಿಟ್ಟು ದಿನ ಕೊಯ್ದಷ್ಟೂ ಗಿಡ ಕಾಯಿ ಬಿಡುತ್ತದೆ. ಎಲೆಯಡಿ ಕಣ್ಣುತಪ್ಪಿದ ಒಂದು ಕಾಯಿ ಬಲಿತರೆ ಸಾಕು, ಗಿಡದ ಉತ್ಸಾಹ ಅಲ್ಲಿಗೆ ತಗ್ಗುತ್ತದೆ. ತೂಕದಲ್ಲಿ ನೂರಕ್ಕೆ ಸುಮಾರು 95 ಪಾಲು ನೀರೇ ಆದ್ದರಿಂದ ಹೆಚ್ಚು ಬೇಯಿಸಬಾರದು. ಸೌತೆಕಾಯಿಯ ತೆಳ್ಳೇವಿಗೆ ಬದಲಾಗಿ ಇದನ್ನು ತುರಿದು ಹಾಕಬಹುದು, ಸಾಸಿವೆಗೂ ಹೊಂದುತ್ತದೆ. ಹುಳಿಗೆ ಹಾಕಿದರೆ ಕರಗಿಹೋಗುತ್ತದೆ, ಅದಕ್ಕೆ ಮಗೆಕಾಯಿಯೇ ಮೇಲು.

ಈಗ ಕಹಿಯ ಮಾತು. ಸೌತೆ, ಸೋರೆಗಳನ್ನು ಹೆಚ್ಚುವ ಮುನ್ನ ತುದಿಯ ಚೂರನ್ನು ನಾಲಗೆಗೆ ಮುಟ್ಟಿಸಿ ನೋಡುವುದು ಹಳ್ಳಿಯ ಹೆಂಗಸರ ಪದ್ಧತಿ. ಅದು ಬರಿಯ ರುಚಿಯ ಪರೀಕ್ಷೆಯಲ್ಲ. ಈ ಕುಲದ ಗಿಡಗಳಲ್ಲಿ ಕುಕರ್ಬಿಟಾಸಿನ್ ಎಂಬ ಕಹಿವಿಷವಿದೆ, ಬೇಯಿಸಿದರೂ ಅದು ಹೋಗುವುದಿಲ್ಲ. 2010ರಲ್ಲಿ ದೆಹಲಿಯ ವಿಜ್ಞಾನಿಯೊಬ್ಬರು ಕಹಿ ಸೋರೆಕಾಯಿಯ ರಸ ಕುಡಿದು ತೀರಿಕೊಂಡರು. 2015ರಲ್ಲಿ ಜರ್ಮನಿಯ ವೃದ್ಧರೊಬ್ಬರು ಮನೆಯ ತೋಟದಲ್ಲಿ ಬೆಳೆದ ಕಹಿ ಜುಕಿನಿಯ ಪದಾರ್ಥ ತಿಂದು ಮೃತಪಟ್ಟರು. ಅಲಂಕಾರಕ್ಕೆ ಬೆಳೆಸುವ ಬಣ್ಣದ ಪುಟ್ಟ ಕುಂಬಳಗಳೂ ಇದೇ ಜಾತಿಯವು. ಅವುಗಳ ಪರಾಗ ಬೆರೆತ ಬೀಜದಿಂದ ಮರುವರ್ಷ ಕಹಿ ಕಾಯಿ ಹುಟ್ಟಬಹುದು. ಕಹಿಯೆನಿಸಿದ ಬೇಸಿಗೆಗುಂಬಳವನ್ನು ಉಗಿದು, ಗಿಡವನ್ನೇ ಕೀಳಬೇಕು. ದುಡ್ಡು ಕೊಟ್ಟ ಬೀಜ ಎಂಬ ಮೋಹ ಸಲ್ಲದು.

ಬೀಜ ಉಳಿಸುವವರು ಈ ಕಾರಣಕ್ಕಾಗಿಯೇ ಎಚ್ಚರದಿಂದಿರಬೇಕು. ಮೊದಲನೆಯದಾಗಿ, ‘ಪೂಸಾ ಅಲಂಕಾರ್’ನಂತಹವು ಸಂಕರ ತಳಿಗಳು. ಹಿಮಾಚಲದ ಕಟ್ರಾಯಿನ್‌ನಲ್ಲಿ ರೂಪುಗೊಂಡ ಅದು ಒಳ್ಳೆಯ ತಳಿಯೇ, ಆದರೆ ಅದರ ಬೀಜದಿಂದ ಮರುವರ್ಷ ಅದೇ ಗುಣದ ಗಿಡ ಬಾರದು. ‘ಆಸ್ಟ್ರೇಲಿಯನ್ ಗ್ರೀನ್’, ‘ಪ್ಯಾಟಿ ಪ್ಯಾನ್’, ‘ಅರ್ಲಿ ಯೆಲ್ಲೋ ಪ್ರಾಲಿಫಿಕ್’ ಇವುಗಳ ಬೀಜ ಉಳಿಸಿಕೊಳ್ಳಬಹುದು. ಎರಡನೆಯದಾಗಿ, ಎರಡು ಬಗೆಯನ್ನು ಅಕ್ಕಪಕ್ಕ ಬೆಳೆದರೆ ಜೇನು ಬೆರೆಸಿಯೇ ಬೆರೆಸುತ್ತದೆ. ಊರಿನ ಸಿಹಿಗುಂಬಳ ಬೇರೆ ಜಾತಿಯಾದ್ದರಿಂದ ಅದರೊಡನೆ ಬೆರಕೆ ಸಾಮಾನ್ಯವಾಗಿ ಆಗುವುದಿಲ್ಲ. ಬೀಜಕ್ಕೆಂದು ಆಯ್ದ ಗಿಡದಲ್ಲಿ, ಮರುದಿನ ಅರಳಲಿರುವ ಗಂಡು ಹೆಣ್ಣು ಮೊಗ್ಗುಗಳ ತುದಿಯನ್ನು ಹಿಂದಿನ ಸಂಜೆಯೇ ದಾರದಿಂದ ಕಟ್ಟಿ, ಬೆಳಗ್ಗೆ ಬಿಚ್ಚಿ ಕೈಯಿಂದ ಪರಾಗ ತಾಗಿಸಿ, ಮತ್ತೆ ಕಟ್ಟಬೇಕು. ಆ ಕಾಯಿಯ ತೊಟ್ಟಿಗೆ ಗುರುತಿನ ದಾರವಿರಲಿ.

ಬೀಜ ಕೂಡಿಡುವುದು, ವಿನಿಮಯ ಮಾಡುವುದು, ಹಣೆಪಟ್ಟಿಯಿಲ್ಲದೆ ಮಾರುವುದು ಇವೆಲ್ಲ ರೈತರ ಹಕ್ಕೆಂದು 2001ರ ಸಸ್ಯತಳಿ ಸಂರಕ್ಷಣೆ ಹಾಗೂ ರೈತರ ಹಕ್ಕುಗಳ ಕಾಯಿದೆ ಸ್ಪಷ್ಟವಾಗಿ ಹೇಳುತ್ತದೆ. ಹಕ್ಕು ಕಾಗದದಲ್ಲಿದೆ, ಬೀಜ ಮಾತ್ರ ಮನೆಗಳಿಂದ ಕಣ್ಮರೆಯಾಗುತ್ತಿದೆ. ಶಿರಸಿಯ ‘ವನಸ್ತ್ರೀ’ಯಂತಹ ಮಹಿಳಾ ಬಳಗ ಮಲೆನಾಡಿನ ಕೈತೋಟದ ಬೀಜಗಳನ್ನು ಕೈಯಿಂದ ಕೈಗೆ ದಾಟಿಸುತ್ತ ಬಂದುದು ಈ ಆತಂಕದಿಂದಲೇ. ಸಗಣಿ ಬೂದಿಯೊಂದಿಗೆ ಕಲಸಿ ಗೋಡೆಗೆ ಮೆತ್ತಿಡುತ್ತಿದ್ದ ಸೌತೆಯ ಬೀಜ, ಸೋರೆಯ ಬುರುಡೆಯಲ್ಲಿ ತುಂಬಿಡುತ್ತಿದ್ದ ಹೀರೆಯ ಬೀಜ ಯಾವ ಮನೆಯಲ್ಲಿ ಇನ್ನೂ ಉಂಟೆಂದು ವಿದ್ಯಾರ್ಥಿಗಳು ತಂತಮ್ಮ ಕೇರಿಯಲ್ಲಿ ಕೇಳಿ ಪಟ್ಟಿ ಮಾಡಿದರೆ, ಉಳಿದಿರುವುದೆಷ್ಟು ಎಂಬುದು ತಿಳಿದೀತು. ಬೇಸಿಗೆಗುಂಬಳಕ್ಕಾಗಿ ಜಾಗ ಬಿಡುವಾಗ ಮಗೆಕಾಯಿಯ ಮಡಿಯನ್ನು ಕಿತ್ತುಕೊಳ್ಳಬಾರದು. ಎರಡರ ಕಾಲ ಬೇರೆಯಾದ್ದರಿಂದ ಹಾಗೆ ಮಾಡಬೇಕಾದ ಅಗತ್ಯವೂ ಇಲ್ಲ.

ಇಂದು ಇಲ್ಲಿಂದ ಬೀಜ ಒಯ್ಯುವವರು ಒಂದು ಬಗೆಯನ್ನು ಮಾತ್ರ ಒಯ್ಯುವುದು ಒಳಿತು. ಬೀಜದ ಕಾಯಿ ಉಗುರಿಗೆ ಬಗ್ಗದಷ್ಟು ಗಟ್ಟಿಯಾಗುವವರೆಗೆ, ಸುಮಾರು ಎರಡು ತಿಂಗಳು, ಗಿಡದಲ್ಲೇ ಇರಲಿ. ಕೊಯ್ದ ಮೇಲೂ ಮೂರು ವಾರ ನೆರಳಿನಲ್ಲಿಟ್ಟು, ಅನಂತರ ಒಡೆದು, ಬೀಜ ತೊಳೆದು, ಜೊಳ್ಳು ತೇಲಿಸಿ, ನೆರಳಿನಲ್ಲಿ ಒಣಗಿಸಿ, ಬೂದಿ ಬೆರೆಸಿ ಬಿಗಿ ಡಬ್ಬಿಯಲ್ಲಿಡಬೇಕು. ಡಬ್ಬಿಯ ಮೇಲೆ ತಳಿಯ ಹೆಸರು, ವರ್ಷ, ಕೊಟ್ಟವರ ಮನೆಯ ಹೆಸರು ಬರೆದಿರಲಿ. ಮುಂದಿನ ಕೂಟಕ್ಕೆ ಬರುವಾಗ ಒಯ್ದಷ್ಟೇ ಬೀಜವನ್ನು ಮರಳಿ ತಂದರೆ ಸಾಕು. ಮೊದಲ ಬಿತ್ತನೆ ಮಂಗನ ಪಾಲಾದವರಿಗೆ ಅದು ಬೇಕಾಗುತ್ತದೆ.